ನಲವತ್ತನೆಯ ಸಾಲು

ಪೇಂಟರ್‌ಗೆ ದೇವರ ವಿಷಯದಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರೆಲ್ಲ ಅಕ್ಷರದ ಅಗಲದ ವಿಷಯದಲ್ಲಿ. ಮೂವತ್ತೆರಡು ವರ್ಷದಿಂದ ಬೋರ್ಡು ಬರೆದು ಬದುಕಿದ ಆಸಾಮಿ ಅವನು. ಹಲ್ಲಿನ ಆಸ್ಪತ್ರೆ, ಟೈರ್ ಅಂಗಡಿ, ಹೆಣ್ಣುಮಕ್ಕಳ ಶಾಲೆ, ಸ್ಮಶಾನದ ಗೇಟು, ಎಲ್ಲಕ್ಕೂ ಒಂದೇ ಶ್ರದ್ಧೆ. ಏನು ಬರೆದೆ ಎಂದು ಮಾರನೆಯ ದಿನ ಕೇಳಿದರೆ ಅವನಿಗೇ ನೆನಪಿರುತ್ತಿರಲಿಲ್ಲ. ಎಷ್ಟು ಅಂಗುಲ ಬರೆದೆ ಎಂದು ಹತ್ತು ವರ್ಷ ಬಿಟ್ಟು ಕೇಳಿದರೂ ಥಟ್ಟನೆ ಹೇಳುತ್ತಿದ್ದ.

ಚರ್ಚಿನ ಪಕ್ಕದ ಸಭಾಂಗಣಕ್ಕೆ ಹೊಸದಾಗಿ ಗಾರೆ ಮಾಡಿಸಿ ಬಿಳಿ ಬಣ್ಣ ಹೊಡೆಸಿದ್ದರು. ಎದುರಿನ ದೊಡ್ಡ ಗೋಡೆಯ ಮೇಲೆ ಏನು ಬರೆಸಬೇಕೆಂದು ತಿಂಗಳುಗಟ್ಟಲೆ ಜಗ್ಗಾಡಿ, ಕೊನೆಗೆ ಎಲ್ಲರೂ ಸುಸ್ತಾಗಿ ಟೀಚರಮ್ಮನಿಗೆ ಬಿಟ್ಟಿದ್ದರು. ಮೂವತ್ತೈದು ವರ್ಷ ಪುಟ್ಟ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಹೆಂಗಸು ಈ ಟೀಚರಮ್ಮ. ಆಳು ಗುಬ್ಬಚ್ಚಿಯಷ್ಟು, ದನಿ ಶಾಲೆಯ ಗಂಟೆಯಷ್ಟು. ಉಳಿದವರಿಗೆ ಬೇಕಿದ್ದದ್ದು ಮನಸ್ಸಿಗೆ ನೆಮ್ಮದಿ ಕೊಡುವ ಒಂದು ಸಾಲು, ಸುತ್ತ ನಾಲ್ಕು ಹೂವು. ಟೀಚರಮ್ಮ ಪಟ್ಟು ಹಿಡಿದದ್ದು ಸ್ವಾಮಿಯ ಕಥೆ ಹೇಳುವ ಮೊದಲನೆಯ ಸುವಾರ್ತೆಯ ಮೊದಲನೆಯ ಪುಟಕ್ಕೆ.

"ಏನಿದೆ ಅದರಲ್ಲಿ?" ಎಂದು ಪೇಂಟರ್ ಟೇಪು ಬಿಚ್ಚುತ್ತ ಕೇಳಿದ.

"ಹೆಸರುಗಳಿವೆ. ಇಂಥವನು ಇಂಥವನನ್ನು ಹುಟ್ಟಿಸಿದನು, ಅವನು ಮತ್ತೊಬ್ಬನನ್ನು ಹುಟ್ಟಿಸಿದನು. ಹೀಗೇ ಸಾಗುತ್ತೆ. ಒಟ್ಟು ನಲವತ್ತೊಂದು ಹೆಸರು. ಕೊನೆಯದು ನಮ್ಮ ಸ್ವಾಮಿಯದು."

"ಮತ್ತೆ ಕಥೆ?"

"ಕಥೆ ಆಮೇಲೆ."

ಪೇಂಟರ್‌ಗೆ ಒಳಗೊಳಗೇ ನಗು ಬಂತು. ಲೋಕವೆಲ್ಲ ಓದಲಿ ಎಂದು ಬರೆಯಲು ಕೂತವನು ಬಾಗಿಲಲ್ಲೇ ನಲ್ಲಿಯ ಮುಂದಿನ ಸಾಲಿನ ಹಾಗೆ ಹೆಸರುಗಳನ್ನು ನಿಲ್ಲಿಸುತ್ತಾನೆಯೇ? ಅಂಗಡಿಗೆ ಇಂಥ ಬೋರ್ಡು ಬರೆದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ. ಇದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ.

ಟೀಚರಮ್ಮನಿಗೆ ಕೋಪ ಬರಲಿಲ್ಲ. "ನಾನೂ ನಲವತ್ತು ವರ್ಷ ಈ ಪುಟ ಹಾರಿಸಿಯೇ ಓದಿದವಳು. ಕೆಲಸ ಬಿಟ್ಟ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಅನ್ನಿಸ್ತು, ಅಯ್ಯೋ, ಇದು ಹಾಜರಿ ಪುಸ್ತಕ! ದಿನಾ ಬೆಳಿಗ್ಗೆ ನಾನು ಮಾಡ್ತಿದ್ದದ್ದೂ ಇದನ್ನೇ ತಾನೆ? ಮೊದಲು ಹೆಸರು ಕೂಗೋದು, ಪಾಠ ಆಮೇಲೆ. ಒಂದು ಹೆಸರು ಬಿಟ್ಟುಹೋದ್ರೆ ಆ ಮಗು ಇಡೀ ದಿನ ಮಂಕಾಗಿ ಕೂತಿರ್ತಿತ್ತು, ಪೇಂಟರೇ. ದೇವರೂ ಮೊದಲು ಹಾಜರಿ ಕೂಗಿದ ಅಂದ್ಕೊಂಡ್ರೆ ನನಗೆ ಈಗಲೂ ಮೈ ಜುಮ್ಮನ್ನುತ್ತೆ."

ಪೇಂಟರ್ ತಲೆ ಕೆರೆದುಕೊಂಡು ಅಳತೆ ತೆಗೆದುಕೊಂಡ. ಅವನ ತಲೆಯಲ್ಲಿ ಆ ವಾರ ಬೇರೆಯೇ ಒಂದು ಹಾಜರಿ ಕೊರೆಯುತ್ತಿತ್ತು.

ಅಂಗಿಯ ಜೇಬಿನಲ್ಲಿ, ಬಣ್ಣ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ, ಒಂದು ಫಾರಂ ಇತ್ತು. ಹೆಂಡತಿಯ ಮಗಳು ಪುಟ್ಟಿಗೆ ಮುಂದಿನ ಸೋಮವಾರ ನೋಂದಣಿ ಕಚೇರಿಯಲ್ಲಿ ಮದುವೆ. ಶನಿವಾರ ಮಧ್ಯಾಹ್ನದೊಳಗೆ ಫಾರಂ ಕಚೇರಿ ಸೇರಬೇಕು. ಎಲ್ಲ ಕಾಲಮ್ಮುಗಳನ್ನೂ ಅವಳೇ ತುಂಬಿದ್ದಳು. ಉಳಿದದ್ದು ಕೆಳಗಿನ ಒಂದೇ ಒಂದು: "ತಂದೆ / ಪೋಷಕ (ಅನ್ವಯಿಸದಿರುವುದನ್ನು ಹೊಡೆದುಹಾಕಿ)", ಅದರ ಮುಂದೆ ಸಹಿಗೆ ಒಂದು ಗೆರೆ.

ಈ ಓರೆಗೆರೆಯ ಜೊತೆ ಪೇಂಟರ್‌ದು ಹತ್ತೊಂಬತ್ತು ವರ್ಷದ ಒಡನಾಟ. ಅವನು ಆ ಮನೆಗೆ ಬಂದಾಗ ಪುಟ್ಟಿಗೆ ಆರು ವರ್ಷ. ಅವಳ ತಂದೆ ಲಿಫ್ಟ್ ರಿಪೇರಿಯವನು, ಕಾಯಿಲೆ ಬಿದ್ದು ಸತ್ತು ಎರಡು ವರ್ಷವಾಗಿತ್ತು. ನಡುಮನೆಯಲ್ಲಿ ಅವನ ಫೋಟೊ ಇತ್ತು, ಈಗಲೂ ಇದೆ. ಚೌಕಟ್ಟಿನ ಬಣ್ಣ ಎದ್ದಾಗಲೆಲ್ಲ ಹೊಸದಾಗಿ ಹಚ್ಚುವವನು ಪೇಂಟರೇ. ಶಾಲೆಯ ಮೊದಲ ಫಾರಂ ಬಂದ ದಿನ ಅವನು ಆ ಫೋಟೊದ ಕಡೆ ಒಮ್ಮೆ ನೋಡಿ, ಕೆಲಸದ ಚೀಲದಿಂದ ಸ್ಕೇಲು ತೆಗೆದು, "ತಂದೆ" ಎಂಬುದರ ಮೇಲೆ ನೀಟಾಗಿ ಒಂದು ಗೆರೆ ಎಳೆದು, "ಪೋಷಕ" ಎಂಬುದರ ಮುಂದೆ ಸಹಿ ಹಾಕಿದ. ಸತ್ತವನ ಕುರ್ಚಿಗೆ ಹಾರಿ ಕೂರುವ ಕಳ್ಳ ತಾನಲ್ಲ ಎಂಬ ಹೆಮ್ಮೆ ಅವನಿಗೆ. ಅಲ್ಲಿಂದ ಮುಂದೆ ಪ್ರತಿ ವರ್ಷ, ಪ್ರತಿ ಫಾರಮ್ಮಿಗೆ, ಅದೇ ಸ್ಕೇಲು, ಅದೇ ಗೆರೆ.

ಪುಟ್ಟಿ ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಬಂದ ಹೊಸತರಲ್ಲಿ ನಾಲ್ಕು ದಿನ "ಪೇಂಟರ್ ಮಾಮ" ಎಂದಿದ್ದಳು. ಆಮೇಲೆ ಅದೂ ನಿಂತುಹೋಯಿತು. "ಊಟಕ್ಕೆ ಬರ್ಬೇಕಂತೆ." "ಛತ್ರಿ ಇಲ್ಲೇ ಇದೆ, ನೋಡಿ." "ಕೇಳಿಸ್ತಾ? ಯಾರೋ ಬಂದಿದಾರೆ." ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದು ಒಂದು ಸಲವೂ ಕರೆಯದೆ ಮಾತಾಡುವುದು ಸಣ್ಣ ಜಾಣ್ಮೆಯಲ್ಲ. ಪೇಂಟರ್ ಅದನ್ನೂ ಸರಿ ಎಂದುಕೊಂಡಿದ್ದ. ಸರಿ ಎಂದುಕೊಂಡದ್ದು ನೋಯುವುದಿಲ್ಲ ಎಂದೇನೂ ಇಲ್ಲವಲ್ಲ.

ಈ ಸಲ ಫಾರಂ ಕೊಟ್ಟದ್ದು ಹೆಂಡತಿ. "ರೀ, ಬರೀ ಸಹಿ ಹಾಕ್ಬೇಕಂತೆ. ಮತ್ತೇನೂ ಮಾಡೋದು ಬೇಡ್ವಂತೆ. ಅವಳೇ ಎರಡೆರಡು ಸಲ ಹೇಳಿ ಹೋದ್ಲು."

ಮತ್ತೇನೂ ಬೇಡ ಎಂದರೆ ಏನರ್ಥ? ಪೇಂಟರ್ ಅರ್ಥ ಮಾಡಿಕೊಂಡದ್ದು ಹೀಗೆ: ಮದುವೆಯ ಕಾಗದದಲ್ಲಿ ಅವಳಿಗೆ ತನ್ನ ಅಪ್ಪನ ಜಾಗದ ಮೇಲೆ ಗೆರೆ ಬೀಳುವುದು ಬೇಡ. ನ್ಯಾಯವೇ. ಆದರೂ ಅವನಿಗೆ ಸಹಿ ಹಾಕಲು ಕೈ ಬರಲಿಲ್ಲ. ಇದೇ ಕೊನೆಯ ಫಾರಂ. ಇನ್ನು ಮುಂದೆ ಅವಳ ಯಾವ ಕಾಗದವೂ ತನ್ನ ಕೈಗೆ ಬರುವುದಿಲ್ಲ. ಕೊನೆಯ ಸಲವೂ ತಾನು ಆ ಮನೆಯ ಬಣ್ಣ ಬಳಿಯುವವನಾಗಿಯೇ ಸಹಿ ಹಾಕಬೇಕೇ ಎಂಬ ಹಟವೋ ದುಃಖವೋ ಒಂದು ಒಳಗೆ ಕೂತಿತ್ತು. ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಬಂದ.

ಸೋಮವಾರ ಅವನು ಗೋಡೆಗೆ ನೀಲಿ ಪುಡಿ ಹಚ್ಚಿದ ದಾರ ಮಿಡಿದು ನಲವತ್ತು ಗೆರೆ ಹಾಕಿದ. ಪೇಂಟರ್ ಬುದ್ಧಿವಂತ. ನಲವತ್ತೊಂದು ಹೆಸರು ಎಂದರೆ ಮಧ್ಯೆ ನಲವತ್ತು ಕೊಂಡಿ. ಪ್ರತಿ ಸಾಲೂ ಮುಗಿಯುವುದು "ಹುಟ್ಟಿಸಿದನು" ಎಂದೇ. ಅದನ್ನು ನಲವತ್ತು ಸಲ ಕೈಯಲ್ಲಿ ಬರೆಯುವ ಕರ್ಮ ಯಾರಿಗೆ ಬೇಕು? ಹೆಂಡತಿಯ ಮಂಡಿಯ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಆ ಒಂದು ಪದವನ್ನು ಬ್ಲೇಡಿನಿಂದ ಕೊರೆದು ಅಚ್ಚು ಮಾಡಿಕೊಂಡ. ಹತ್ತಿ ನಿಲ್ಲುವ ಗಾಲಿಯ ಸಾರುವೆಯನ್ನು ಗೋಡೆಯ ಬಲತುದಿಗೆ ತಳ್ಳಿ, ಮೇಲಿಂದ ಕೆಳಗಿನವರೆಗೆ ಅಚ್ಚು ಇಟ್ಟು ಸ್ಪಂಜಿನಿಂದ ಕಪ್ಪು ಎನಾಮಲ್ ತಟ್ಟುತ್ತ ಬಂದ. ಸಂಜೆಗೆ ಬಲಗಡೆ ನಲವತ್ತು "ಹುಟ್ಟಿಸಿದನು" ಒಂದರ ಕೆಳಗೊಂದು ತಯಾರು. ಎಡಗಡೆ ಯಾರೂ ಇಲ್ಲ.

"ಮಕ್ಕಳು ಆಗಿಹೋದವು, ಅಪ್ಪಂದಿರು ಇನ್ನೂ ಬಂದಿಲ್ಲ!" ಎಂದು ತಾನೇ ಹೇಳಿಕೊಂಡು ನಕ್ಕ. ಟೀಚರಮ್ಮನೂ ನಕ್ಕರು. ಇಬ್ಬರಿಗೂ ತಪ್ಪು ಕಾಣಲಿಲ್ಲ. ಅವರು ಬಾಗಿಲ ಹತ್ತಿರ ಕೂತು, ನಡುಗುವ ಕೈಯಲ್ಲಿ ದಪ್ಪಕ್ಷರದಲ್ಲಿ ದಿನಕ್ಕೆ ಹತ್ತು ಸಾಲಿನ ಒಂದು ಹಾಳೆ ಬರೆದುಕೊಡುತ್ತಿದ್ದರು. ಕೊನೆಯ ಹಾಳೆ ಹುಟ್ಟುವುದು ಶುಕ್ರವಾರ.

ಮಂಗಳವಾರದಿಂದ ಹೆಸರುಗಳು. ಬಾಯಿಗೆ ಒಗ್ಗದ, ನಾಲಗೆ ತೊಡರುವ ಹೆಸರುಗಳು. ಕೈಯೂರುವ ಕೋಲನ್ನು ಗೋಡೆಗೆ ಆನಿಸಿ ಒಂದೊಂದನ್ನೇ ಬರೆಯುತ್ತ ಹೋದಂತೆ ಪೇಂಟರ್‌ಗೆ ಒಂದು ವಿಚಿತ್ರ ಅನುಭವವಾಯಿತು. ಬರೆದದ್ದು ನೆನಪಿರತೊಡಗಿತು. ರಾತ್ರಿಯ ಊಟದ ಹೊತ್ತಿಗೂ ಮೊದಲ ಹತ್ತು ಜನ ಸಾಲಾಗಿ ನಿಂತೇ ಇದ್ದರು.

ಮೊದಲೆರಡು ದಿನಗಳಲ್ಲಿ ನಾಲ್ಕು ಕಡೆ ಸಾಲು ಉದ್ದವಾಗಿ ಅವನ ಅಳತೆ ಕೆಡಿಸಿತು. ಅಲ್ಲೆಲ್ಲ ತಾಯಿಯ ಸುದ್ದಿಯೂ ಸೇರಿತ್ತು. "ಉಳಿದವರಿಗೆಲ್ಲ ಅಪ್ಪ ಸಾಕು, ಈ ನಾಲ್ವರಿಗೆ ಮಾತ್ರ ಅಮ್ಮ ಯಾಕೆ?" ಎಂದು ಗೊಣಗಿದ.

ಟೀಚರಮ್ಮ ಬೆರಳು ಮಡಿಸಿದರು. ಒಬ್ಬಳು ವೇಷ ಹಾಕಿಕೊಂಡು ದಾರಿಬದಿ ಕೂತು ಸ್ವಂತ ಮಾವನಿಂದಲೇ ಮಗು ಪಡೆದವಳು. ಒಬ್ಬಳು ಊರೆಲ್ಲ ಮೂಗು ಮುರಿಯುವ ಮನೆ ನಡೆಸುತ್ತಿದ್ದವಳು. ಒಬ್ಬಳು ಪರದೇಶದಿಂದ ಬಂದ ಬಡ ವಿಧವೆ. ನಾಲ್ಕನೆಯವಳ ಗಂಡನನ್ನು ರಾಜ ಕೊಲ್ಲಿಸಿ ಅವಳನ್ನು ತಂದುಕೊಂಡ. "ಅವಳ ಹೆಸರನ್ನೇ ಬರೆದಿಲ್ಲ, ನೋಡಿ. ಸತ್ತ ಗಂಡನ ಹೆಸರು ಹೇಳಿ, ಅವನ ಹೆಂಡತಿ ಅಂತಲೇ ಬರೆದಿದ್ದಾನೆ. ರಾಜನ ಸಾಲಿನಲ್ಲೇ ಆ ಸತ್ತವನಿಗೂ ಜಾಗ."

ಪೇಂಟರ್ ಬ್ರಷ್ಷು ಕೆಳಗಿಟ್ಟ. ಯಾವ ಮನೆಯಲ್ಲಾದರೂ ಇವೆಲ್ಲ ಬಾಗಿಲು ಹಾಕಿಕೊಂಡು ಪಿಸುಗುಟ್ಟುವ ವಿಷಯಗಳು. ಇಲ್ಲಿ ಬರೆದವನು ಅವನ್ನೇ ಹೆಕ್ಕಿ ಬಾಗಿಲಿಗೆ ತಂದು ನಿಲ್ಲಿಸಿದ್ದಾನೆ, ಬಂದವರು ಮೊದಲು ಇವರನ್ನು ದಾಟಿಯೇ ಒಳಗೆ ಹೋಗಲಿ ಎಂದು. ಎಂಥ ಧೈರ್ಯದ ಮನೆತನವಪ್ಪ ಇದು! ಅವನು ನಾಲ್ಕನೆಯ ಹೆಂಗಸಿನ ಸತ್ತ ಗಂಡನ ಹೆಸರನ್ನು ಒಂದು ಎಳೆಯೂ ಆಚೀಚೆ ಆಗದಂತೆ ಬರೆದ.

ಗುರುವಾರದ ಹೊತ್ತಿಗೆ ರಾಜರೆಲ್ಲ ಮುಗಿದು ಯಾರೂ ಅರಿಯದ ಹೆಸರುಗಳು ಶುರುವಾದವು. "ಇವರು ಏನು ಮಾಡಿದವರು?" ಎಂದು ಮೇಲಿನಿಂದ ಕೇಳಿದ.

"ಯಾರಿಗೂ ಗೊತ್ತಿಲ್ಲ. ಹುಟ್ಟಿದರು, ಹುಟ್ಟಿಸಿದರು, ಹೋದರು."

ಅಷ್ಟೇ? ಆದರೂ ರಾಜನಿಗೆ ಎಷ್ಟು ಅಂಗುಲವೋ ಇವನಿಗೂ ಅಷ್ಟೇ ಅಂಗುಲ. ಪೇಂಟರ್‌ಗೆ ತನ್ನ ಅಜ್ಜ ನೆನಪಾದ. ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದವನು. ಅವನ ಹೆಸರು ಬಲ್ಲವನು ಈಗ ಭೂಮಿಯ ಮೇಲೆ ತಾನೊಬ್ಬನೇ. ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದ ಅಪ್ಪ ನೆನಪಾದ. ಆ ಸಾಲು ತನ್ನಲ್ಲಿಗೆ ಬಂದು ನಿಂತುಹೋಗುತ್ತದೆ. ತನಗೆ ಬೇರೆ ಮಕ್ಕಳಾಗಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಒದ್ದೆ ಅಕ್ಷರಗಳು ಹೊಳೆಯುತ್ತಿದ್ದವು.

ಶುಕ್ರವಾರ ಮಧ್ಯಾಹ್ನ ಮೂವತ್ತೊಂಬತ್ತನೆಯ ಸಾಲು ಮುಗಿಯಿತು. ಈಗ ಸಾರುವೆ ಬೇಕಿರಲಿಲ್ಲ, ಒಂದು ಸ್ಟೂಲು ಸಾಕಿತ್ತು. ಮೂವತ್ತೊಂಬತ್ತನೆಯವನು ಹುಟ್ಟಿಸಿದ್ದು ಒಬ್ಬ ಬಡಗಿಯನ್ನು. ನಲವತ್ತನೆಯ ಸಾಲು ಆ ಬಡಗಿಯದು, ಕೊನೆಗೆ ಸ್ವಾಮಿ. ಪೇಂಟರ್ ಹಾಳೆ ನೋಡಿದ. ಮತ್ತೆ ನೋಡಿದ.

"ಟೀಚರಮ್ಮಾ, ಇಲ್ಲಿ 'ಹುಟ್ಟಿಸಿದನು' ಬರೆಯೋದು ಮರೆತಿದ್ದೀರಿ."

"ಮರೆತಿಲ್ಲವಲ್ಲ."

ಹಾಳೆಯಲ್ಲಿ ಬಡಗಿಯ ಹೆಸರಿತ್ತು. ಅವನು ಇಂಥವಳ ಗಂಡ ಎಂದಿತ್ತು. ಆಕೆಯಿಂದ ಸ್ವಾಮಿ ಹುಟ್ಟಿದ ಎಂದಿತ್ತು. ಮೂವತ್ತೊಂಬತ್ತು ಸಲ ತಪ್ಪದೆ ಬಂದ ಆ ಪದ ಇಲ್ಲಿಗೆ ಬಂದು ಕೈಕೊಟ್ಟಿತ್ತು. ಗೋಡೆಯಲ್ಲಿ ಮಾತ್ರ ಅದು ಸೋಮವಾರದಿಂದ ಗಟ್ಟಿಯಾಗಿ ಒಣಗಿ ಕೂತಿತ್ತು.

ಪೇಂಟರ್ ಹಾಳೆಯನ್ನು ಗೋಡೆಯ ಪಕ್ಕಕ್ಕೆ ಹಿಡಿದ. "ಹಾಗಾದ್ರೆ ಮಗು ಇವನದಲ್ವಾ?"

"ಇವನು ಹುಟ್ಟಿಸಿದ್ದಲ್ಲ."

"ಮತ್ತೆ ನಾನು ನಾಲ್ಕು ದಿನದಿಂದ ಬರೀತಿರೋದು ಯಾರ ಅಜ್ಜಂದಿರನ್ನ?"

"ಬಡಗಿಯ ಅಜ್ಜಂದಿರನ್ನ."

"ಆ ಮಗುವಿಗೂ ಇವರಿಗೂ ಏನ್ರೀ ಸಂಬಂಧ!" ಅವನ ದನಿ ಖಾಲಿ ಸಭಾಂಗಣದಲ್ಲಿ ದೊಡ್ಡದಾಗಿ ಕೇಳಿಸಿತು. ಮೋಸ ಹೋದವನ ದನಿ ಅದು.

ಟೀಚರಮ್ಮ ಎದ್ದು ಗೋಡೆಯ ಹತ್ತಿರ ಬಂದರು. "ನಾನೂ ಹೀಗೇ ಕೇಳಿಕೊಂಡೆ, ಪೇಂಟರೇ. ಮುಂದಿನ ಪುಟದಲ್ಲಿದೆ. ಮದುವೆಯಾಗಬೇಕಿದ್ದವಳ ಹೊಟ್ಟೆಯಲ್ಲಿರೋ ಮಗು ತನ್ನದಲ್ಲ ಅಂತ ಗೊತ್ತಾದಾಗ ಬಡಗಿ ಸದ್ದಿಲ್ಲದೆ ದೂರ ಸರಿಯೋಣ ಅಂದ್ಕೊಂಡಿದ್ದ. ಕೆಟ್ಟವನಲ್ಲ. ಒಳ್ಳೆಯವನು, ಒಳ್ಳೆತನದಿಂದಲೇ ದೂರ ನಿಲ್ಲೋಕೆ ಹೊರಟಿದ್ದ. ಕನಸಿನಲ್ಲಿ ದೇವರ ದೂತ ಬಂದು, ಹೆದರಬೇಡ, ಅವಳನ್ನ ಮನೆಗೆ ಕರ್ಕೊಂಡು ಬಾ, ಮಗುವಿಗೆ ನೀನೇ ಹೆಸರಿಡು ಅಂದ. ಬಡಗಿ ಎದ್ದ, ಕರ್ಕೊಂಡು ಬಂದ, ಹೆಸರಿಟ್ಟ. ಅಷ್ಟೇ ಅವನು ಮಾಡಿದ್ದು. ಅಷ್ಟಕ್ಕೆ, ಇಲ್ಲಿ ನೋಡಿ, ಈ ಗೋಡೆ ತುಂಬ ಇರೋರೆಲ್ಲ ಆ ಮಗುವಿನ ಅಜ್ಜ, ಮುತ್ತಜ್ಜ ಆಗಿಬಿಟ್ಟರು. ಆ ಮಗುವಿಗೆ ಬೇರೆ ಪಟ್ಟಿ ಅಂತ ಈ ಪುಟದಲ್ಲಿ ಇಲ್ಲ."

ಪೇಂಟರ್ ಸ್ಟೂಲಿನ ಮೇಲೆ ಕೂತುಬಿಟ್ಟ. ತಲೆಯೆತ್ತಿ ಗೋಡೆಯನ್ನು ಮೇಲಿನಿಂದ ನೋಡುತ್ತ ಬಂದ. ತನ್ನದೇ ಕೈಬರಹ, ಆದರೂ ಮೊದಲ ಸಲ ನೋಡುತ್ತಿದ್ದೇನೆ ಎನ್ನಿಸಿತು. ಎಷ್ಟು ಜನ! ರಾಜರು, ಕುರುಬರು, ಹಾದಿಬೀದಿಯ ಹೆಂಗಸರು, ಯಾರಿಗೂ ಬೇಡವಾದವರು, ಎಲ್ಲರೂ ನೂರಾರು ವರ್ಷ ಒಬ್ಬರ ಹೆಗಲಿಂದ ಒಬ್ಬರ ಹೆಗಲಿಗೆ ಏನನ್ನೋ ದಾಟಿಸುತ್ತ ಬಂದು, ಕೊನೆಗೆ ಹುಟ್ಟಿಸದೆ ಇದ್ದ ಒಬ್ಬ ಮನುಷ್ಯನ ಕೈಗೆ ಕೊಟ್ಟಿದ್ದರು. ಅವನೂ ಬೇಡ ಎನ್ನಲಿಲ್ಲ. ಮಗು ಇವನದಲ್ಲ ಎಂದು ಸಾಲೂ ಮುರಿದು ಬೀಳಲಿಲ್ಲ. ಅವನ ಹೆಸರೂ ಅಲ್ಲೇ ಇತ್ತು, ರಾಜನಿಗಿರುವಷ್ಟೇ ಅಂಗುಲ. ಹೋದದ್ದು ಒಂದು ಪದ ಮಾತ್ರ.

ಹಾಗಾದರೆ ಸುಣ್ಣ ಬಳಿಯುತ್ತಿದ್ದ ತನ್ನ ಅಜ್ಜ? ಬಸ್ಸಿಗೆ ಬಣ್ಣ ಹೊಡೆಯುತ್ತಿದ್ದ ಅಪ್ಪ? ಅವರು ಪುಟ್ಟಿಗೆ ಏನಾಗಬೇಕು? ಈ ಪ್ರಶ್ನೆ ಎದ್ದದ್ದೇ ಪೇಂಟರ್ ಜೇಬಿನ ಫಾರಂ ಮುಟ್ಟಿ ನೋಡಿಕೊಂಡ. ತಾನು ವರ್ಷ ವರ್ಷ ಸ್ಕೇಲಿಟ್ಟು ಹೊಡೆದುಹಾಕಿದ್ದು ಯಾವುದನ್ನು?

ಅವನು ಎದ್ದ. ಬ್ಲೇಡು ತೆಗೆದುಕೊಂಡು ನಲವತ್ತನೆಯ "ಹುಟ್ಟಿಸಿದನು" ಪದವನ್ನು ಮೆಲ್ಲಗೆ ಹೆರೆದ. ಉಪ್ಪುಕಾಗದದಿಂದ ಉಜ್ಜಿ, ಮೇಲೆ ಎರಡು ಸಲ ಬಿಳಿ ಬಳಿದ. ಅದು ಒಣಗಿದ ಮೇಲೆ ಬಡಗಿಯ ಹೆಸರನ್ನು ಬರೆದ. ಅಷ್ಟು ನಿಧಾನವಾಗಿ ಅವನು ಬದುಕಿನಲ್ಲಿ ಯಾವ ಹೆಸರನ್ನೂ ಬರೆದಿರಲಿಲ್ಲ. ಅಳಿಸಿದ ಜಾಗದಲ್ಲಿ, ದಿಟ್ಟಿಸಿ ನೋಡಿದರೆ, ಒಂದು ಮಸುಕು ಉಳಿಯಿತು. ಇರಲಿ ಬಿಡಿ ಎಂದರು ಟೀಚರಮ್ಮ.

ಶನಿವಾರ ಬೆಳಿಗ್ಗೆ ಪುಟ್ಟಿ ಕೆಲಸಕ್ಕೆ ಹೊರಟು ನಿಂತಿದ್ದಳು. ಅವಳದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಪೇಂಟರ್ ಊಟದ ಮೇಜಿನ ಮೇಲೆ ಫಾರಂ ಬಿಡಿಸಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಪೆನ್ನು, ಅಭ್ಯಾಸದಂತೆ ಸ್ಕೇಲು.

ಸ್ಕೇಲು ನೋಡಿದ್ದೇ ತಡ, ಅವಳ ಮುಖ ಸಣ್ಣಗಾಯಿತು. "ಬರೀ ಸಹಿ ಸಾಕು ಅಂತ ಹೇಳಿದ್ದೆನಲ್ಲ. ಈ ಸಲವಾದ್ರೂ ಏನೂ ಹೊಡೀಬೇಡಿ. ಎರಡೂ ಹಾಗೇ ಇರ್ಲಿ. ಕಚೇರಿಯವರು ಏನು ಬೇಕಾದ್ರೂ ಅಂದ್ಕೊಳ್ಳಲಿ."

"ನಿಮ್ಮಪ್ಪನ ಜಾಗದ ಮೇಲೆ ಗೆರೆ ಬೇಡ ಅಂತಾನಾ?"

"ನಮ್ಮಪ್ಪನ ಜಾಗ?" ಅವಳು ಚೀಲ ಕೆಳಗಿಟ್ಟಳು. "ಅವರ ಹೆಸರು ಮೇಲಿನ ಕಾಲಮ್ಮಿನಲ್ಲಿ ಇದ್ದೇ ಇರ್ತಿತ್ತು, ಪ್ರತಿ ಫಾರಮ್ಮಿನಲ್ಲೂ. ಈ ಕೆಳಗಿನದು ಬದುಕಿರೋರ ಜಾಗ. ಎರಡನೇ ಕ್ಲಾಸಿಂದ ನೋಡ್ತಾ ಬಂದಿದ್ದೀನಿ. ಸ್ಕೂಲಿಗೆ ಹೋಗೋ ದಾರಿಯಲ್ಲಿ ಫಾರಂ ತೆಗೆದು ನೋಡೋದು, ಇದ್ಯಾ ಗೆರೆ ಅಂತ. ಇರ್ತಿತ್ತು. ಇವರಿಗೆ ನಾನು ಮಗಳಾಗೋದು ಬೇಡ ಅಂತ ಅಂದ್ಕೊಂಡೆ. ಅಮ್ಮನಿಗೋಸ್ಕರ ನನ್ನನ್ನ ಇಟ್ಕೊಂಡಿದಾರೆ, ಅಷ್ಟೇ ಅಂತ. ಆ ಗೆರೆನೋ, ಎಷ್ಟು ನೇರ ಇರ್ತಿತ್ತು! ಒಂದೇ ಒಂದು ಸಲ ಕೈ ನಡುಗಬಾರದಿತ್ತಾ ಅನ್ನಿಸೋದು."

ಪೇಂಟರ್ ಫಾರಮ್ಮಿನ ಆ ಓರೆಗೆರೆಯನ್ನೇ ನೋಡಿದ. ಹತ್ತೊಂಬತ್ತು ವರ್ಷ ತಾನು ಮರ್ಯಾದೆ ಎಂದುಕೊಂಡು ಮಾಡಿದ್ದು ಒಂದು ಮಗುವಿನ ಮುಖಕ್ಕೆ ಬಾಗಿಲು ಹಾಕಿದಂತಾಗಿತ್ತು. "ನಾನು ಕಳ್ಳ ಆಗಬಾರದು ಅಂತ, ಪುಟ್ಟಿ. ನಾನು ನಿನ್ನನ್ನ... ನಿನ್ನ ರಕ್ತ ನಂದಲ್ಲ."

"ದಿನಕ್ಕೆ ಅರವತ್ತು ಜನರ ರಕ್ತ ನೋಡೋಳು ನಾನು," ಎಂದಳು ಪುಟ್ಟಿ, ಕಣ್ಣು ಒರೆಸಿಕೊಂಡು. "ರಕ್ತದಲ್ಲಿ ಏನಿರುತ್ತೆ ಅಂತ ನನಗೆ ಹೇಳ್ಬೇಡಿ. ಸಕ್ಕರೆ ಇರುತ್ತೆ, ಉಪ್ಪಿರುತ್ತೆ."

ಒಳಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಪೇಂಟರ್ ಫೋಟೊದ ಕಡೆ ನೋಡಿದ. ಲಿಫ್ಟ್ ರಿಪೇರಿಯವನು ಎಂದಿನಂತೆ ನಗುತ್ತಿದ್ದ, ರಾಜನ ಸಾಲಿನಲ್ಲಿ ಜಾಗ ಸಿಕ್ಕವನ ಹಾಗೆ. ಪೇಂಟರ್ ಸ್ಕೇಲನ್ನು ದೂರ ಸರಿಸಿದ. ಬರೀ ಕೈಯಲ್ಲಿ ಪೆನ್ನು ಹಿಡಿದು "ಪೋಷಕ" ಎಂಬುದರ ಮೇಲೆ ಗೆರೆ ಎಳೆದ. ಮೂವತ್ತೆರಡು ವರ್ಷ ದಾರವಿಟ್ಟು ಗೆರೆ ಹೊಡೆದ ಕೈ ಅದು; ಅಕ್ಷರ ತಿದ್ದುವ ಮಗುವಿನ ಕೈಯಂತೆ ಮೇಲೆ ಹೋಗಿ, ಕೆಳಗಿಳಿದು, ಹೇಗೋ ಆಚೆ ತುದಿ ಮುಟ್ಟಿತು. ಸಹಿಯೂ ಅಷ್ಟೇ ಚಂದ.

ಪುಟ್ಟಿ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಶಾಲೆಯ ದಾರಿಯಲ್ಲಿ ನಿಂತು ನೋಡುವವಳ ಹಾಗೆ ಬಹಳ ಹೊತ್ತು ನೋಡಿದಳು.

"ಗೆರೆ ಸೊಟ್ಟಗೆ ಬಂದಿದೆಯಲ್ಲ, ಅಪ್ಪ," ಎಂದಳು.